ಕಟಿಂಗ್ ಅಕ್ಕಾರು

ಹೋದ ವಾರ ಮಗಳ ಯೂನಿಫಾರ್ಮಿಗೆಂದು ದುರ್ಗದ ಬೈಲಿನ ಅಂಗಡಿಯೊಂದರಲ್ಲಿ ನೀಲಿ ಬಟ್ಟೆಯ ತಾನು ಬಿಚ್ಚಿಸಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಂಗೇರಿಯ ಆ ಹೊಲಿಗೆ ಕಾರ್ಖಾನೆ ನೆನಪಾಯಿತು... ಅಲ್ಲಿನ ಉದ್ದನೆಯ ಟೇಬಲ್ಲು, ಅದರ ಮುಂದೆ ನಿಂತ ಅಕ್ಕಾರು.

ನಾವೆಲ್ಲ ಅವರನ್ನು ಕಟಿಂಗ್ ಅಕ್ಕಾರು ಎಂದೇ ಕರೆಯುತ್ತಿದ್ದೆವು. ಶಾಲೆಗಳ ಯೂನಿಫಾರ್ಮು ಹೊಲಿಯುವ ಕಾರ್ಖಾನೆ ಅದು. ನಾನೂ ಸೇರಿ ಹತ್ತು ಹೆಂಗಸರು ಮಷೀನಿನ ಮೇಲೆ, ಅಕ್ಕಾರೊಬ್ಬರೇ ಕಟಿಂಗಿಗೆ. ಆರು ಪದರ ಬಟ್ಟೆ ಹಾಸಿ ಒಂದೇ ಸಲ ಕತ್ತರಿಸುತ್ತಿದ್ದರು. ಮೇಲಿನದಕ್ಕೂ ಕೆಳಗಿನದಕ್ಕೂ ಒಂದೆಳೆ ವ್ಯತ್ಯಾಸ ಬರುತ್ತಿರಲಿಲ್ಲ. ನನಗೂ ಕಲಿಸುತ್ತಿದ್ದರು. ಕೈಯಿಂದ ಕೈಗೆ ಕತ್ತರಿ ಕೊಟ್ಟರೆ ಜಗಳವಾಗುತ್ತದೆಂದು ಟೇಬಲ್ಲಿನ ಮೇಲೆ ಇಡುವರು, ನಾನು ಎತ್ತಿಕೊಳ್ಳಬೇಕು.

ಒಮ್ಮೆ ಇಪ್ಪತ್ತು ದಿನ ರಜೆ ಹಾಕಿದರು. ಮರಳಿ ಬಂದ ದಿನ ಊಟದ ಹೊತ್ತಿಗೆ ನನಗೊಬ್ಬಳಿಗೇ ಹೇಳಿದರು: "ಮನಸ್ಸು ಭಾಳ ಕುಗ್ಗಿತ್ತು ತಂಗಿ. ಧಾರವಾಡದಾಗ ಡಾಕ್ಟರಿಗೆ ತೋರಿಸೇನಿ, ಗುಳಿಗಿ ಕೊಟ್ಟಾರ. ಈಗ ಆರಾಮ ಅದೇನಿ." ಕೈ ಹಿಂದಿನಂತೆಯೇ ಓಡುತ್ತಿತ್ತು. ಬೆಳಿಗ್ಗೆ ಬರುವುದು ಮಾತ್ರ ಅರ್ಧ ತಾಸು ತಡ.

ಆ ತಡಕ್ಕೆ ಮಾಲಕರು ಸಿಡುಕತೊಡಗಿದರು. ಅಕ್ಕಾರ ಪರವಾಗಿ ನಾಲ್ಕು ಮಾತಾಡೋಣವೆಂದು ನಾನೇ ಹೋಗಿ, "ಬೈಬ್ಯಾಡ್ರಿ, ಮನಸ್ಸಿನ ಡಾಕ್ಟರ್ ಕೊಟ್ಟ ಗುಳಿಗಿ ತಗೋತಾರ, ಅದಕ್ಕ ಮುಂಜಾನೆ ಎಚ್ಚರಾಗಂಗಿಲ್ರಿ" ಎಂದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮಾಲಕರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಅಂಥಾವ್ರ ಕೈಯಾಗ ಕತ್ತರಿ ಕೊಟ್ಟ ಕುಂತೇನಲ್ಲ ನಾ!"

ಮರುದಿನ ಅಕ್ಕಾರಿಗೆ ಹೇಳಿದ್ದೇ ಬೇರೆ. "ಕಟಿಂಗ್ ತಪ್ಪಾಕತ್ತೈತಿ, ಸಾಲಿಯವರು ಪೀಸ್ ವಾಪಸ್ ಕಳಿಸ್ಯಾರ. ಇನ್ನ ಗುಂಡಿ ಹಚ್ರಿ." ನಿಜವಾದ ಕಾರಣ ಹೇಳುವ ಧೈರ್ಯ ಆ ಮನುಷ್ಯನಿಗಿರಲಿಲ್ಲ. ನನಗೂ ಇರಲಿಲ್ಲ. ಅಕ್ಕಾರು ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟರು. ಅದನ್ನು ಎತ್ತಿಕೊಂಡವಳು ನಾನು. ಮಾಲಕರು ಅವರ ಜಾಗಕ್ಕೆ ನನ್ನನ್ನೇ ನಿಲ್ಲಿಸಿದ್ದರು. ಬೇಡ ಅನ್ನಲಿಲ್ಲ... ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಎರಡು ತಿಂಗಳು ಗುಂಡಿ ಹಚ್ಚಿ, ಅಕ್ಕಾರು ಕೆಲಸ ಬಿಟ್ಟು ತವರೂರು ಉಪ್ಪಿನಬೆಟಗೇರಿಗೆ ಹೋದರು.

ಕೆಲವು ವರ್ಷಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಮಗಳನ್ನು ವಿಚಾರಿಸಿದರು. ಕತ್ತರಿ ಹಿಡಿದು ನನ್ನ ಹೆಬ್ಬೆರಳಿಗೆ ಬಿದ್ದ ಜಡ್ಡು ಮುಟ್ಟಿ ನೋಡಿ, ಕೆಲಸ ಛಲೋ ಕಲಿತಿದ್ದೀ ಎಂದು ನಕ್ಕರು. ಬಸ್ಸು ಬಂದಾಗ ಚೀಲ ಎತ್ತಿಕೊಂಡವರು ಮತ್ತೆ ಕೆಳಗಿಟ್ಟರು.

"ತಂಗಿ, ಆವಾಗ ನಾ ಯಾವ ಪೀಸ್ ಕೆಡಿಸಿದ್ನಿ ಅಂತ ನಿನಗೇನರ ಗೊತ್ತೈತೇನ? ಎಷ್ಟ ವಿಚಾರ ಮಾಡಿದ್ರೂ ನೆನಪಾಗವಲ್ದು. ಅವತ್ತಿಂದ ಬಟ್ಟಿಗೆ ಕತ್ತರಿ ಹಚ್ಚಾಕ ಧೈರ್ಯನ ಬರವಲ್ದು."

"ಗೊತ್ತಿಲ್ರಿ ಅಕ್ಕಾರ" ಎಂದೆ. ಅವರು ಬಸ್ಸು ಹತ್ತಿದರು.

ಹೋದ ವಾರ ಆ ಬಟ್ಟೆ ತೆಗೆದುಕೊಂಡು ಮನೆಗೆ ಬಂದವಳೇ ಉಪ್ಪಿನಬೆಟಗೇರಿಯ ಪರಿಚಯದವರಿಗೆ ಫೋನ್ ಮಾಡಿ ಅಕ್ಕಾರ ನಂಬರ್ ಕೇಳಿದೆ. ಅಕ್ಕಾರು ತೀರಿಕೊಂಡು ವರ್ಷದ ಮೇಲಾಯಿತಂತೆ.

ಅಕ್ಕಾರು ಒಂದು ಪೀಸನ್ನೂ ಕೆಡಿಸಿರಲಿಲ್ಲ. ಅಷ್ಟನ್ನು ಅವರಿಗೆ ಹೇಳಬೇಕಾಗಿತ್ತು.