ಬೀಳದ ಪೋರ್ಟಿಕೊ

ಚಿಕ್ಕಬಸವಯ್ಯ ಮೇಸ್ತ್ರಿ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಲಾಕ್‌ಡೌನ್ ಸಡಿಲವಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರು. ಸಿಮೆಂಟ್ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಗೇಮ್ ಮಷೀನೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು.

"ಇದು ಕೆಟ್ಟೋಗದೆ ಕಣಪ್ಪ, ಸ್ವಲ್ಪ ನೋಡು."

"ಏನಾಗಿದೆ? ಆನ್ ಆಗ್ತಿಲ್ವಾ?"

"ಆನ್ ಆಯ್ತದೆ."

"ಮತ್ತೆ?"

"ಗೋಡೆ ಬೀಳ್ತಾ ಇಲ್ಲ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಸಿದ್ಧಾರ್ಥನಗರದಲ್ಲಿ ಇಂಥ ಮಷೀನುಗಳ ರಿಪೇರಿ ಮಾಡಿಕೊಂಡು ನನಗೆ ಆಗಲೇ ಹತ್ತು ವರ್ಷವಾಗಿತ್ತು. ಬಟನ್ ಹೋಗಿದೆ, ಫ್ಯಾನ್ ಕೂಗುತ್ತದೆ, ಡಿಸ್ಕ್ ಸಿಕ್ಕಿಹಾಕಿಕೊಂಡಿದೆ ಎಂದು ಬರುತ್ತಿದ್ದರೇ ಹೊರತು ಗೋಡೆ ಬೀಳುತ್ತಿಲ್ಲ ಎಂದು ಯಾರೂ ಬಂದಿರಲಿಲ್ಲ. ಟಿವಿಗೆ ಸಿಕ್ಕಿಸಿ ನೋಡಿದೆ. ಮಣ್ಣು, ಕಲ್ಲು, ಮರ ಎಲ್ಲವೂ ಒಂದೇ ಅಳತೆಯ ಚೌಕದ ತುಂಡುಗಳಾಗಿರುವ, ಅವನ್ನು ಅಗೆದು ತಂದು ಬೇಕಾದ್ದನ್ನು ಕಟ್ಟುವ ಆಟ ಅದು. ಮೇಸ್ತ್ರಿ ಒಂದು ಉದ್ದನೆಯ ಗೋಡೆ ಎಬ್ಬಿಸಿ, ಆಮೇಲೆ ಅದರ ಕೆಳಗಿನ ಎರಡು ಸಾಲು ಕಿತ್ತುಹಾಕಿದ್ದರು. ಗೋಡೆ ಗಾಳಿಯಲ್ಲಿ ನಿಂತಿತ್ತು.

"ಈ ಆಟ ಇರೋದೇ ಹಿಂಗೆ ಮೇಸ್ತ್ರಿ. ಇದರಲ್ಲಿ ಭಾರ ಅನ್ನೋದು ಇಲ್ಲ."

"ಮರಳು ಬೀಳ್ತದಲ್ಲ? ಕೆಳಗಿಂದು ತಗುದ್ರೆ ಮರಳು ದೊಪ್ಪಂತ ಬೀಳ್ತದೆ. ಮರಳಿಗೆ ಭಾರ ಇದ್ದು ಕಲ್ಲಿಗಿಲ್ಲ ಅಂದ್ರೆ ಎಂಗಪ್ಪ?"

ನಾನು ತಿಳಿದವನಂತೆ ವಿವರಿಸಲು ಕುಳಿತೆ. ಒಂದು ಕಲ್ಲಿನ ಮೇಲೆ ಎಷ್ಟು ಕಲ್ಲಿದೆ, ಯಾವುದು ಯಾವುದನ್ನು ಹೊತ್ತಿದೆ ಎಂದು ಮಷೀನು ಕ್ಷಣಕ್ಷಣಕ್ಕೂ ಗುಣಿಸುತ್ತಿರಬೇಕು, ಇಡೀ ಊರಿನಷ್ಟು ಕಲ್ಲಿಗೆ ಹಾಗೆ ಗುಣಿಸುವ ಶಕ್ತಿ ಈ ಹಳೆಯ ಮಷೀನಿಗಿಲ್ಲ, ಅದಕ್ಕೇ ಭಾರವನ್ನೇ ಬಿಟ್ಟುಬಿಟ್ಟಿದ್ದಾರೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಮುಂದಿನ ಮಷೀನು ಬರ್ತಾ ಇದೆ. ಇದರ ಹತ್ತರಷ್ಟು ಶಕ್ತಿಯಂತೆ. ಅದರಲ್ಲಿ ಕಲ್ಲಿಗೂ ಭಾರ ಬರುತ್ತೆ, ಸರಿಯಾಗಿ ಕಟ್ಟದಿದ್ರೆ ಬೀಳುತ್ತೆ."

ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ಹೊಸ ಮಷೀನಿನಿಂದ ಈ ಆಟ ಹೇಗೆಲ್ಲ ಬದಲಾಗಬಹುದು ಎಂದು ಯಾರೋ ಊಹೆ ಮಾಡಿ ಹಾಕಿದ್ದ ವಿಡಿಯೊ ಒಂದನ್ನು ಹಿಂದಿನ ವಾರ ನೋಡಿದ್ದೆ, ಅಷ್ಟೆ.

"ಖಂಡಿತಾ ಬರ್ತದಾ?" ಎಂದು ಕೇಳಿದರು.

"ಬರುತ್ತೆ ಮೇಸ್ತ್ರಿ."

ಅವರು ಮಷೀನನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡರು.

ಆಮೇಲಾಮೇಲೆ ಅವರ ವಿಷಯ ತಿಳಿಯಿತು. ಟಿ. ನರಸೀಪುರದ ಕಡೆಯ ಹಳ್ಳಿಯವರು. ಹದಿನಾರನೇ ವಯಸ್ಸಿಗೆ ಮೈಸೂರಿಗೆ ಬಂದು ಗಾರೆ ಕೆಲಸ ಕಲಿತು, ಮೂವತ್ತಕ್ಕೆಲ್ಲ ಮೇಸ್ತ್ರಿಯಾದವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ತಾವೇ ಕಟ್ಟಿದ ಒಂದು ಮನೆಯ ಔಟ್‌ಹೌಸಿನಲ್ಲಿ ಮಗಳು ಧರಣಿಯ ಜೊತೆ ಬಾಡಿಗೆಗಿದ್ದರು. ಧರಣಿ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರು ಉಳಿದುಕೊಳ್ಳುವ ಗೆಸ್ಟ್‌ಹೌಸೊಂದರಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದಳು. ವಿಮಾನಗಳು ನಿಲ್ಲುವ ಮುಂಚೆ ಗಡಿಬಿಡಿಯಲ್ಲಿ ಊರಿಗೆ ಹೊರಟ ಒಬ್ಬಾಕೆ ಈ ಮಷೀನನ್ನು ಅವಳಿಗೇ ಕೊಟ್ಟು ಹೋಗಿದ್ದಳು. ಕಾಲು ಮುರಿದುಕೊಂಡು ಎರಡು ವರ್ಷದಿಂದ ಮನೆಯಲ್ಲೇ ಕುಳಿತಿದ್ದ ಅಪ್ಪನಿಗೆ ಹೊತ್ತು ಹೋಗಲಿ ಎಂದು ಧರಣಿ ಅದನ್ನು ಕಲಿಸಿದಳು. ಸಿಮೆಂಟು ತಿಂದು ಬಿರುಕುಬಿಟ್ಟ ಹೆಬ್ಬೆರಳಿಗೆ ಆ ಪುಟ್ಟ ಬಟನುಗಳು ಒಗ್ಗಲು ಒಂದು ತಿಂಗಳು ಹಿಡಿಯಿತಂತೆ.

ಕಾಲು ಮುರಿದದ್ದು ಹೇಗೆಂದು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಫ್ಯಾನಿನ ದೂಳು ತೆಗೆಸಲು, ವೈರ್ ಬದಲಿಸಲು ಬಂದಾಗೆಲ್ಲ ಒಂದಷ್ಟು ಹೇಳುತ್ತಿದ್ದರು.

ಯಾದವಗಿರಿಯಲ್ಲಿ ಒಂದು ಹಳೆಯ ಬಂಗಲೆಗೆ ಮುಂದಕ್ಕೆ ಚಾಚಿದ ಪೋರ್ಟಿಕೊ ಕಟ್ಟುವ ಕೆಲಸ. ಕಾರು ತಿರುಗಿಸಲು ಅಡ್ಡವಾಗುತ್ತದೆಂದು ಮನೆಯವರು ಒಂದು ಪಿಲ್ಲರ್ ಬೇಡವೆಂದರು. ಎಂಜಿನಿಯರು ನಕ್ಷೆ ತಿದ್ದಿ, ಪಿಲ್ಲರ್ ಇಲ್ಲದಿದ್ದರೂ ನಿಲ್ಲುತ್ತದೆ ಎಂದರು. ಅಂಥ ಚಾಚಿನಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗಳು ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟು ಸುರಿಯುವಾಗ ಆಳುಗಳ ಕಾಲ್ತುಳಿತಕ್ಕೆ ಕೆಳಗೆ ಜಗ್ಗಿದರೆ ಚಾಚು ಭಾರ ತಡೆಯುವುದಿಲ್ಲ. ಜಗ್ಗದಂತೆ ನೋಡಿಕೊಳ್ಳುವುದು ಮೇಸ್ತ್ರಿಯ ಕೆಲಸ. ಅಂದು ನಡುವೆ ಮನೆಯವರು ಟೈಲ್ಸ್ ತೋರಿಸಲು ಒಳಗೆ ಕರೆದಿದ್ದರು. ಇವರು ಹೋಗಿ ಬರುವಷ್ಟರಲ್ಲಿ ಒಂದು ಮೂಲೆಯ ಕಂಬಿ ಕಾಂಕ್ರೀಟಿನಲ್ಲಿ ಮುಚ್ಚಿಹೋಗಿತ್ತು. ಮನೆಯಲ್ಲಿ ನಿಶ್ಚಿತಾರ್ಥವಿದ್ದದ್ದರಿಂದ ಕೆಳಗೆ ಕೊಟ್ಟಿದ್ದ ಮರದ ಆಸರೆಗಳನ್ನು ಹೇಳಿದ ದಿನಕ್ಕಿಂತ ಮೊದಲೇ ಬಿಚ್ಚಿಸಿದರು. ಅದಕ್ಕೂ ಇವರು ಬೇಡವೆನ್ನಲಿಲ್ಲ.

ಕೊನೆಯ ಆಸರೆ ಬಿಚ್ಚಿ ಅರ್ಧ ಗಂಟೆಯಾಗಿತ್ತು. ಇಪ್ಪತ್ತು ವರ್ಷದಿಂದ ಇವರ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಬಸಮ್ಮ ಕೆಳಗೆ ಬಿದ್ದ ಮೊಳೆಗಳನ್ನು ಆರಿಸುತ್ತಿದ್ದಳು. ಮೇಸ್ತ್ರಿ ಏಣಿಯ ಮೇಲಿದ್ದರು. ಪೋರ್ಟಿಕೊ ಬಿತ್ತು. ಬಸಮ್ಮ ಅಲ್ಲೇ ಹೋದಳು, ಇವರ ಕಾಲು ಹೋಯಿತು. ಬಿದ್ದ ಕಾಂಕ್ರೀಟನ್ನು ಮರುದಿನವೇ ಲಾರಿಗೆ ತುಂಬಿ ಸಾಗಿಸಿದರು. ಎಂಜಿನಿಯರು ಮೇಸ್ತ್ರಿಯದೇ ತಪ್ಪೆಂದರು, ಮನೆಯವರೂ ಹಾಗೇ ಅಂದರು. ಆಮೇಲೆ ಯಾರೂ ಇವರನ್ನು ಕೆಲಸಕ್ಕೆ ಕರೆಯಲಿಲ್ಲ.

"ನಿಮ್ಮ ತಪ್ಪಾ ಮೇಸ್ತ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅದೇ ಗೊತ್ತಿಲ್ಲ ಕಣಪ್ಪ. ಬಗ್ಗಿ ಕಂಬಿ ನೋಡ್ದಂಗೆ ನೆಪ್ಪದೆ. ಅದು ಆವತ್ತಿಂದಾ, ಇನ್ನೊಂದು ಮನೇದಾ? ನಲವತ್ತು ವರ್ಷ ಬಗ್ಗಿ ನೋಡಿದೀನಿ. ಎಲ್ಲಾ ಒಂದೇ ತರ ಕಾಣ್ತದೆ."

ಹೊಸ ಮಷೀನಿಗಾಗಿ ಅವರು ಯಾಕೆ ಕಾಯುತ್ತಿದ್ದಾರೆಂದು ಆಗ ನನಗೆ ಅರ್ಥವಾಯಿತು. ನಾನು ಹೇಳಿದ್ದು ಬರೀ ಊಹೆ ಎಂದು ಒಪ್ಪಿಕೊಳ್ಳಲು ಅದೇ ಸರಿಯಾದ ಹೊತ್ತಾಗಿತ್ತು. ಬಾಯಿ ಬರಲಿಲ್ಲ. ಇಷ್ಟು ದೊಡ್ಡ ಮಷೀನಿನಲ್ಲಿ ಅದೊಂದು ಬರದೇ ಇರುತ್ತದೆಯೇ ಎಂದು ಅಷ್ಟರಲ್ಲಿ ನಾನೂ ನಂಬತೊಡಗಿದ್ದೆ.

ಸುಮಾರು ಮೂರು ವರ್ಷ ಅವರು ಆ ಬಂಗಲೆಯನ್ನು ಕಟ್ಟಿದರು. ಒಂದು ತುಂಡನ್ನು ಅರ್ಧ ಅಡಿ ಎಂದು ಹಿಡಿದು ಪಾಯದಿಂದ ಶುರು ಮಾಡಿದರು. ಯಾರಿಗೂ ಕಾಣದಿದ್ದರೂ ನೆಲದಡಿ ಕಲ್ಲು ತುಂಬಿದರು. ಅಳತೆಗೆಂದು ಎರಡು ಸಲ ಯಾದವಗಿರಿಗೆ ಬಸ್ಸಿನಲ್ಲಿ ಹೋಗಿ, ಆ ಮನೆಯ ಕಾಂಪೌಂಡಿನ ಹೊರಗೆ ನಿಂತು ನೋಡಿ ಬಂದರು. ಅಲ್ಲಿ ಬೇರೆ ಯಾರೋ ಹೊಸ ಪೋರ್ಟಿಕೊ ಕಟ್ಟಿದ್ದರಂತೆ, ಪಿಲ್ಲರ್ ಇಟ್ಟೇ. ಆಟದಲ್ಲಿ ಅವರು ಒಂದೇ ಥರದ ಮೂರು ಬಂಗಲೆ ಕಟ್ಟಿದರು. ಒಂದಕ್ಕೆ ಪಿಲ್ಲರ್ ಇತ್ತು. ಇನ್ನೊಂದಕ್ಕೆ ಪಿಲ್ಲರ್ ಇರಲಿಲ್ಲ, ಕಂಬಿಯೆಂದು ಇಟ್ಟ ಕಬ್ಬಿಣದ ತುಂಡುಗಳು ಚಪ್ಪಡಿಯ ಮೇಲ್ಭಾಗದಲ್ಲಿದ್ದವು. ಮೂರನೆಯದಕ್ಕೂ ಪಿಲ್ಲರ್ ಇರಲಿಲ್ಲ, ಕಂಬಿ ಕೆಳಗಿತ್ತು. ಈ ಎರಡರ ಚಾಚಿಗೂ ಮರದ ಆಸರೆ ಕೊಟ್ಟಿದ್ದರು.

"ಮೂರನೇದು ಮಾತ್ರ ಬಿದ್ರೆ ನಂದೇ ತಪ್ಪು," ಎನ್ನುತ್ತಿದ್ದರು. "ಎರಡನೇದೂ ಬಿದ್ರೆ ಅವರದು."

ಹಳೆಯ ಮಷೀನು ಕೊನೆಕೊನೆಗೆ ಆ ಮೂರು ಮನೆಗಳನ್ನು ಒಟ್ಟಿಗೆ ತೋರಿಸಲಾರದೆ ತಡವರಿಸುತ್ತಿತ್ತು. ತಲೆ ತಿರುಗಿಸಿದರೆ ಒಂದು ಮನೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ತುಂಡುತುಂಡಾಗಿ ಬಂದು ಕೂಡಿಕೊಳ್ಳುತ್ತಿತ್ತು. ಧರಣಿ ಒಮ್ಮೆ ನನ್ನ ಅಂಗಡಿಗೆ ಒಬ್ಬಳೇ ಬಂದಳು.

"ಅಣ್ಣಾ, ಹೊಸದು ಬರೋದು ಬೇಡ ಅನ್ನಿಸ್ತದೆ ನನಗೆ," ಎಂದಳು. "ಯಾವುದು ಬಿದ್ರೂ ಅಪ್ಪ ಉಳಿಯಲ್ಲ."

"ಎರಡನೇದು ಬಿದ್ರೆ ನೆಮ್ಮದಿಯಾಗುತ್ತಲ್ಲಮ್ಮ."

"ಮತ್ಯಾಕೆ ಆಸರೆ ಬಿಚ್ಚೋಕೆ ಒಪ್ಕೊಂಡೆ ಅಂತ ಶುರು ಮಾಡ್ತಾರೆ. ನಾನು ನೋಡ್ತಾ ಇಲ್ವಾ?"

ಹೊಸ ಮಷೀನು ಕೊನೆಗೂ ನನ್ನ ಅಂಗಡಿಗೆ ಬಂತು. ಅದಕ್ಕೆಂದೇ ಮಾಡಿದ ಆಟದ ಹೊಸ ರೂಪವೂ ಬಂತು. ನಾನು ಮೊದಲೇ ಹಾಕಿ ನೋಡಬಹುದಿತ್ತು, ಯಾಕೋ ಧೈರ್ಯವಾಗಲಿಲ್ಲ. ಫೋನ್ ಮಾಡಿದೆ. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಧರಣಿಯ ಭುಜ ಹಿಡಿದುಕೊಂಡು ಬಂದರು. ಅವರ ಮೂರು ಮನೆಗಳನ್ನೂ ಹಳೆಯದರಿಂದ ಹೊಸದಕ್ಕೆ ವರ್ಗಾಯಿಸಿದೆ.

ಆಟ ತೆರೆದುಕೊಂಡಾಗ ಧರಣಿ "ಅಯ್ಯೋ, ಎಷ್ಟು ಚೆನ್ನಾಗದೆ!" ಎಂದಳು. ನಿಜಕ್ಕೂ ಚೆನ್ನಾಗಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಒಳಗೆ ಬಿದ್ದಿತ್ತು. ಕೊಳದ ನೀರಿನಲ್ಲಿ ಮೂರು ಬಂಗಲೆಗಳೂ ತಲೆಕೆಳಗಾಗಿ ಕಾಣುತ್ತಿದ್ದವು. ಎಲ್ಲಿ ತಿರುಗಿದರೂ ಮಷೀನು ತಡವರಿಸಲಿಲ್ಲ, ದೂರದ ಬೆಟ್ಟದವರೆಗೂ ನಿಚ್ಚಳವಾಗಿ ತೋರಿಸಿತು.

ಮೇಸ್ತ್ರಿ ಇದಾವುದನ್ನೂ ನೋಡಲಿಲ್ಲ. ನೇರವಾಗಿ ಮೂರನೆಯ ಮನೆಯ ಮುಂದೆ ಹೋಗಿ ಆಸರೆಯ ಮರಗಳನ್ನು ಒಂದೊಂದಾಗಿ ತೆಗೆದರು. ಪೋರ್ಟಿಕೊ ನಿಂತೇ ಇತ್ತು. ಎರಡನೆಯ ಮನೆಗೆ ಹೋದರು. ಅದೂ ನಿಂತಿತ್ತು. ಮೊದಲನೆಯದರ ಪಿಲ್ಲರ್ ತೆಗೆದರು. ಆಮೇಲೆ ಹಿಂದಿನ ಗೋಡೆಯನ್ನೇ ಒಡೆಯತೊಡಗಿದರು. ಕೊನೆಗೆ ಗೋಡೆಯಿಲ್ಲ, ಮನೆಯಿಲ್ಲ, ಪೋರ್ಟಿಕೊದ ಚಪ್ಪಡಿಯೊಂದೇ ಆಕಾಶದಲ್ಲಿ ಉಳಿಯಿತು. ಅದರ ನೆರಳು ಹುಲ್ಲಿನ ಮೇಲೆ ಬಹಳ ನವುರಾಗಿ ಬಿದ್ದಿತ್ತು.

ಮೇಸ್ತ್ರಿ ಕೇಳಿದರು, "ಇದರ ಮುಂದಿನ ಮಷೀನಲ್ಲಿ?"

"ಬರಲ್ಲ ಮೇಸ್ತ್ರಿ," ಎಂದೆ. "ಶಕ್ತಿ ಇಲ್ಲ ಅಂತ ಅಲ್ಲ. ಕಟ್ಟಿದ್ದು ಬಿದ್ರೆ ಆಡೋರಿಗೆ ಬೇಜಾರಾಗುತ್ತೆ ಅಂತ ಆಟ ಮಾಡಿದೋರೇ ಬೇಡ ಅಂತಾರೆ. ನಾನು ಅವತ್ತು ಹೇಳಿದ್ದು ಸುಮ್ಮನೆ ಊಹೆ. ನನಗೆ ಗೊತ್ತಿರಲಿಲ್ಲ."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡಪ್ಪ," ಎಂದರು.

ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಗಿರಾಕಿ ಸಂಘಮಿತ್ರ ಅವರು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಕಟ್ಟಡಗಳ ಭಾರವನ್ನು ನಿಜವಾಗಿಯೂ ಕಂಡುಹಿಡಿಯುವ ಸಾಫ್ಟ್‌ವೇರ್ ಅವರ ಬಳಿ ಇದೆಯೆಂದು ಗೊತ್ತಿತ್ತು. ಮೇಸ್ತ್ರಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ಆಕೆ ತುಂಬ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಅಳತೆಗಳನ್ನು ಬರೆದುಕೊಂಡರು.

"ಕಂಬಿ ಮೇಲಿಂದ ಎಷ್ಟು ಆಳದಲ್ಲಿತ್ತು, ಮೇಸ್ತ್ರಿಗಳೇ?"

"ಅದೇ ಗೊತ್ತಾಗಬೇಕಾಗಿತ್ತು ಮೇಡಂ."

ಸಂಘಮಿತ್ರ ಪೆನ್ನು ಕೆಳಗಿಟ್ಟರು. "ಕಂಬಿ ಎಲ್ಲಿತ್ತು ಅಂತ ನೀವು ಹೇಳಿದರೆ ಬೀಳುತ್ತಾ ಇಲ್ಲವಾ ಅಂತ ನಾನು ಹೇಳಬಹುದು. ಬಿದ್ದದ್ದು ಮಾತ್ರ ಗೊತ್ತಿದ್ದರೆ, ಆಸರೆ ಬೇಗ ಬಿಚ್ಚಿದ್ದಕ್ಕೋ, ಪಿಲ್ಲರ್ ಇಲ್ಲದ್ದಕ್ಕೋ, ಕಂಬಿ ಜಗ್ಗಿದ್ದಕ್ಕೋ ಹೇಗೆ ಹೇಳಲಿ? ಆ ಕಾಂಕ್ರೀಟನ್ನೇ ಒಡೆದು ನೋಡಬೇಕಿತ್ತು. ಈಗ ಯಾರಿಂದಲೂ ಆಗಲ್ಲ."

ವಾಪಸು ಗಾಡಿ ಓಡಿಸುತ್ತಾ ನಾನು ಯೋಚಿಸುತ್ತಿದ್ದೆ. ಆಟದಲ್ಲಿ ಕಲ್ಲಿಗೆ ಭಾರ ಬಂದಿದ್ದರೂ ಇದೇ ಪ್ರಶ್ನೆ ಉಳಿಯುತ್ತಿತ್ತು. ಮೂರನೆಯ ಮನೆ ಬಿದ್ದಿದ್ದರೂ, ಯಾದವಗಿರಿಯಲ್ಲಿ ಅವರು ಕಟ್ಟಿದ್ದು ಆ ಮೂರನೆಯ ಮನೆಯೋ ಅಲ್ಲವೋ ಎಂದು ಹೇಳುವವರು ಯಾರು? ಇಷ್ಟು ಸರಳವಾದದ್ದು ಮೂರು ವರ್ಷ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಅಥವಾ ಅವರಿಗೆ ಹೊಳೆದಿತ್ತೇನೋ.

ಮುಂದಿನದನ್ನು ಧರಣಿ ಹೇಳಿದಳು. ಆ ವಾರವೇ ಮೇಸ್ತ್ರಿ ಬಸಮ್ಮನ ಗಂಡ ಮಂಟೇಸ್ವಾಮಿಯ ಮನೆಗೆ ಹೋದರಂತೆ. ಬಸಮ್ಮ ಸತ್ತ ಮೇಲೆ ಆ ಕಡೆ ಒಮ್ಮೆಯೂ ಹೋಗಿರಲಿಲ್ಲ. ಮಂಟೇಸ್ವಾಮಿ ಹೊರಗಿನ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ. ಇವರು ನಿಂತುಕೊಂಡೇ, "ಕಂಬಿ ಜಗ್ಗಿತ್ತು ಕಣ್ಲಾ ಮಂಟೇಸ್ವಾಮಿ. ನಾನು ನೋಡ್ನಿಲ್ಲ. ನನ್ನಿಂದ್ಲೇ ಆದದ್ದು," ಎಂದರು.

"ಗೊತ್ತು," ಎಂದ ಮಂಟೇಸ್ವಾಮಿ. ಅವನಿಗೆ ಎಲ್ಲರೂ ಅದನ್ನೇ ಹೇಳಿದ್ದರು. ಸೊಪ್ಪಿನಿಂದ ತಲೆ ಎತ್ತಲಿಲ್ಲ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಇವರು ಮನೆಗೆ ಬಂದರು.

"ನಿಂಗೆ ಯಾವಾಗ ಗೊತ್ತಾಯ್ತಪ್ಪ ಕಂಬಿ ಜಗ್ಗಿತ್ತು ಅಂತ?" ಎಂದು ಧರಣಿ ಕೇಳಿದಳಂತೆ.

"ಏನೋ ಒಂದು ಆಗಿರ್ಲೇಬೇಕಲ್ಲವ್ವ," ಎಂದರಂತೆ.

ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಗೆಸ್ಟ್‌ಹೌಸಿನಲ್ಲಿ ಮತ್ತೆ ಜನ ತುಂಬಿ ಧರಣಿಗೆ ಪುರಸೊತ್ತಿರಲಿಲ್ಲ. ಮೇಸ್ತ್ರಿ ಬಹಳ ಇಳಿದುಹೋಗಿದ್ದಾರೆ. ನನ್ನ ಕೈ ಹಿಡಿದುಕೊಂಡು ಆ ದಿನದ ಕತೆಯನ್ನು ಮತ್ತೆ ಹೇಳಿದರು. ಟೈಲ್ಸ್ ನೋಡಿ ಹೊರಗೆ ಬಂದದ್ದು, ಬಗ್ಗಿದ್ದು, ಎಡಗಡೆಯ ಮೂಲೆಯಲ್ಲಿ ಕಂಬಿ ಮೂರು ಬೆರಳಷ್ಟು ಕೆಳಗಿದ್ದದ್ದು ಕಣ್ಣಿಗೆ ಬಿದ್ದದ್ದು, ಆದರೂ ಬಾಯಿ ಮುಚ್ಚಿಕೊಂಡು ಬಿಟ್ಟದ್ದು. ಬಿಸಿಲು ಯಾವ ಕಡೆ ಇತ್ತು ಎನ್ನುವುದನ್ನೂ ಹೇಳಿದರು.

ಮೂರು ವರ್ಷ ನೆನಪಿಲ್ಲ ಎಂದವರು ಇವರೇ. ನಾನು ಅದನ್ನು ಹೇಳಲು ಹೋಗಲಿಲ್ಲ. ಹೂಂಗುಟ್ಟುತ್ತಾ ಕೇಳಿಸಿಕೊಂಡೆ. ಎದ್ದು ಹೊರಟಾಗ ಅವರು ಮತ್ತೆ ಮೊದಲಿನಿಂದ ಶುರು ಮಾಡಿದ್ದರು.