ಹೊಸ್ತಿಲ ಮೇಲಿನ ಸ್ಟಿಕ್ಕರ್

ಯಲಹಂಕದ ಪಕ್ಕದ ಕೋಗಿಲಿನಲ್ಲಿ ನಮ್ಮ ಮನೆಯ ಮಹಡಿಗೆ ವಿದೇಶದ ಹೆಂಗಸೊಬ್ಬರು ಬಾಡಿಗೆಗೆ ಬಂದಾಗ ನನಗೆ ಯಾರೊಡನೆಯೂ ಮಾತಾಡುವ ತ್ರಾಣ ಇರಲಿಲ್ಲ. ಅತ್ತೆ ಬಿದ್ದು ಆರು ವಾರವಾಗಿತ್ತು. ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚುವಾಗ ಅದೇ ಒದ್ದೆಯಲ್ಲಿ ಕಾಲು ಜಾರಿ, ಸೊಂಟದ ಮೂಳೆಗೆ ಆಪರೇಷನ್ ಆಯಿತು. ಮೂಳೆ ಕೂಡಿದೆ, ಕಾಲಲ್ಲಿ ಬಲವೂ ಇದೆ ಎನ್ನುತ್ತಿದ್ದಳು ಫಿಸಿಯೋ ಹುಡುಗಿ. "ಆದ್ರೆ ಆಂಟಿ, ಈ ತಿಂಗಳು ನಡೀಲಿಲ್ಲ ಅಂದ್ರೆ ಆಮೇಲೆ ಹಾಸಿಗೇನೇ. ಹೆದರಿಕೆ ಬಿಡ್ಸಿ ಅವರಿಗೆ."

ಮಂಚದಿಂದ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ವಾಕರ್ ಹಿಡಿದು ಹೊರಟರೂ ಅತ್ತೆ ಎರಡನೆಯದಕ್ಕೇ ನಿಂತುಬಿಡುತ್ತಿದ್ದರು. ನಾನು ಕಂಕುಳಿಗೆ ಕೈ ಕೊಟ್ಟು ಹೊತ್ತಂತೆ ಕರೆತಂದು ಕೂರಿಸುತ್ತಿದ್ದೆ. ಬಾತ್‌ರೂಮಿಗೂ ಹಾಗೇ, ದಿನಕ್ಕೆ ಆರೇಳು ಸಲ. ಬೆನ್ನಿಗೆ ಹಚ್ಚಿದ ಮುಲಾಮಿನ ವಾಸನೆ ನನ್ನ ದಿಂಬಿನಿಂದ ಹೋಗುತ್ತಲೇ ಇರಲಿಲ್ಲ.

ಹೊಸ್ತಿಲ ಕೆಲಸವೂ ನನ್ನ ಪಾಲಿಗೇ ಬಂತು. ನಾಲ್ಕು ದಿನ ಬಗ್ಗಿ ಮಾಡಿದೆ. ಐದನೆಯ ದಿನ ಯಲಹಂಕದ ಫ್ಯಾನ್ಸಿ ಅಂಗಡಿಯಿಂದ ರಂಗೋಲಿ ಸ್ಟಿಕ್ಕರ್ ತಂದು ಅಂಟಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಅತ್ತೆ ಮಂಚದ ಮೇಲಿಂದ ನೋಡಿ ಗೋಡೆಯ ಕಡೆ ತಿರುಗಿದರು. ಸದ್ಯ, ಬೈಯಲಿಲ್ಲವಲ್ಲ ಅಂದುಕೊಂಡೆ.

ಮಹಡಿಯಾಕೆಗೆ ಐವತ್ತರ ಆಸುಪಾಸು. ಯುರೋಪಿನ ಯಾವುದೋ ಚಳಿ ಊರಿನ ಕಾಲೇಜಿನಲ್ಲಿ ಪ್ರಾಚೀನ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವರು. ಕೆಲಸ ಬಿಟ್ಟು, ಕೇರಳದ ಹಳೇ ಕಾಳಗದ ವಿದ್ಯೆ ಕಳರಿ ಕಲಿಯಲು ಬಂದಿದ್ದರು. ಕ್ಲಾಸು ಮತ್ತಿಕೆರೆಯಲ್ಲಿ. ಹೆಬ್ಬಾಳದಲ್ಲಿ ಬಸ್ ಬದಲಿಸಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ. "ಅಲ್ಲಿ ಒಂದು ಗಂಟೆ ಕಾಲು ಬಲವಾಗಿ ಊರಿ ನಿಲ್ಲೋದು ಕಲೀತೀನಿ. ಬಸ್ಸಲ್ಲಿ ಮೂರು ಗಂಟೆ ಅದೇ ಅಭ್ಯಾಸ, ಕಂಬಿ ಹಿಡಿಯದೆ. ಕಂಡಕ್ಟರ್ ಮಾತ್ರ 'ಹಿಡ್ಕೊಳಮ್ಮಾ, ಹಿಡ್ಕೊ' ಅಂತ ಬೈತಾರೆ" ಎಂದು ನಕ್ಕರು. ಆ 'ಹಿಡ್ಕೊ' ಮಾತ್ರ ಅಚ್ಚ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್.

ಕಾನ್ವೆಂಟಿನಲ್ಲಿ ಓದಿದ ನನ್ನ ಇಂಗ್ಲಿಷ್ ಕೇಳಿ ಅವರಿಗೆ ಖುಷಿಯೋ ಖುಷಿ. ನಿಮ್ಮ ಹಿಂದಿನವರು ಕರ್ಮದ ಬಗ್ಗೆ ಏನು ಹೇಳುತ್ತಾರೆ, ಆತ್ಮದ ಬಗ್ಗೆ ಏನು ಎಂದು ಕೇಳುವರು. ಸಿಸ್ಟರ್‌ಗಳು ನನಗೆ ಕಲಿಸಿದ್ದು ಮಾರಲ್ ಸೈನ್ಸು, ಪ್ರಾರ್ಥನೆಯ ಹಾಡು, ಕರವಸ್ತ್ರಕ್ಕೆ ಅಂಚು ಹೊಲಿಯುವುದು. ಒಲೆಯ ಕಡೆ ಕಣ್ಣಿಟ್ಟು "ಹೌದು ಹೌದು" ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಕಾಫಿಗೆ ಇಳಿದು ಬಂದಿದ್ದಾಗ ಅತ್ತೆ ಕೇಳಿದರು, "ಏನಂತೆ ಆಯಮ್ಮಂದು?"

"ನಮ್ಮ ಕೈಲಿರೋದು ಯಾವ್ದು, ಇಲ್ದೇ ಇರೋದು ಯಾವ್ದು ಅಂತ ತಿಳ್ಕೊಂಡ್ರೆ ದುಃಖ ಇಲ್ವಂತೆ. ಅವರ ಕಡೆ ಹಳೇ ಕಾಲದೋರು ಹೇಳಿದ್ದಂತೆ ಅತ್ತೆ."

"ಗಂಡಸ್ರು ಅಂದಿರ್ತಾರೆ. ಒಲೆ ಮೇಲೆ ಆಲು ಉಕ್ಕೋದು ಯಾರ ಕೈಲದೆ, ಕೇಳು."

ಕೇಳಿದೆ. ಅವರು ಸಣ್ಣ ಪುಸ್ತಕ ತೆಗೆದು ಆ ಪ್ರಶ್ನೆಯನ್ನು ಬರೆದುಕೊಂಡರು.

ಅವತ್ತೇ ಅವರೆದುರು ಅತ್ತೆಯನ್ನು ಎತ್ತಿದೆ. ಅವರು ಮೆಲ್ಲಗೆ ಹೇಳಿದರು, "ಮೊದಲ ತಿಂಗಳು ನನ್ನ ಗುರು ನನ್ನ ಬೆನ್ನ ಹಿಂದೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದರು. ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೆ ನನ್ನ ಭಾರವೆಲ್ಲ ಅವರ ಕೈಗೇ ಹೋಗುತ್ತಿತ್ತು."

"ಬಿದ್ದರೆ ಆಸ್ಪತ್ರೆಗೆ ಓಡಬೇಕಾದವಳು ನಾನು" ಎಂದೆ. ನನ್ನ ದನಿ ಅಷ್ಟು ಒರಟಾದದ್ದು ಕೇಳಿ ನನಗೇ ನಾಚಿಕೆಯಾಯಿತು.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಬಾಡಿಗೆಯ ಕರಾರು ಪತ್ರ ಕೊಡಲು ಬಂದವರು ಬಲಗಾಲು ಮುಂದಿಡುವ ಮೊದಲು ಬಗ್ಗಿ ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡರು. ದಿನವೂ ಹಾಗೆ ಮಾಡುತ್ತಿದ್ದರೋ ಏನೋ, ನಾನು ಗಮನಿಸಿರಲಿಲ್ಲ. ಅತ್ತೆ ಗಮನಿಸಿದ್ದರು. "ದಿನಾ ಇಂಗೇ ಮಾಡ್ತಾವ್ಳೆ. ಯಾಕೆ, ಕೇಳು."

ಕಳರಿಯಲ್ಲಿ ನೆಲ ತಗ್ಗಾಗಿ ಅಗೆದಿರುತ್ತಾರಂತೆ, ಮಣ್ಣು ಮುಟ್ಟಿ ನಮಸ್ಕರಿಸಿಯೇ ಇಳಿಯಬೇಕಂತೆ. ನಾನು ಇಷ್ಟು ಹೇಳಿ ನಿಲ್ಲಿಸಿದೆ.

"ಇನ್ನೂ ಏನೋ ಅಂದ್ಳು."

ಹೇಳಲೇಬೇಕಾಯಿತು. "ಇಲ್ಲಿ ಮಣ್ಣಿಲ್ಲ, ಆದ್ರೆ ಈ ಮನೇಲಿ ಯಾರೋ ದಿನಾ ಬೆಳಿಗ್ಗೆ ಕೂತು ಇಷ್ಟು ಚೆನ್ನಾಗಿ ಬಿಡಿಸಿರ್ತಾರೆ, ಆ ಕೈಗೆ ನಮಸ್ಕಾರ, ಅಂದ್ರು."

ಅತ್ತೆ ಹೊಸ್ತಿಲನ್ನೇ ನೋಡಿದರು. ಮುಖ ಕೆಂಪಾಯಿತು. "ಪ್ಲಾಸ್ಟಿಕ್ಕಿಗೆ ಅಡ್ಡ ಬೀಳ್ತಾವ್ಳಲ್ಲೇ, ಪಾಪ! ಕಿತ್ತಾಕು ಅದನ್ನ."

"ನಾಳೆ ಕೀಳ್ತೀನಿ ಅತ್ತೆ. ಈಗ ಸಾಕಾಗಿದೆ ನಂಗೆ."

"ನೀನೇನ್ ಕೀಳ್ತೀಯ. ವಾಕರ್ ತತ್ತಾ ಇಲ್ಲಿ."

ತಂದುಕೊಟ್ಟೆ. ಎದ್ದರು. ನನ್ನ ಕೈ ತಾನಾಗಿ ಕಂಕುಳಿಗೆ ಹೋಯಿತು. ಹೊಸ್ತಿಲ ಬಳಿಯಿಂದ ಆಕೆ ತಲೆಯಾಡಿಸಿದರು, ಬೇಡ ಎಂದು. ಕೈಯನ್ನು ಅತ್ತೆಯ ಬೆನ್ನ ಹಿಂದೆ, ಮುಟ್ಟದೆ, ಚಾಚಿ ಹಿಡಿದೆ. ಒಂದು, ಎರಡು, ಮೂರು. ಏಳಕ್ಕೆ ಅತ್ತೆ ನಿಂತರು.

"ಹಿಡ್ಕೊಳ್ಲಾ ಅತ್ತೆ?"

"ಇಡ್ಕಂಡ್ರೆ ಕೂತ್ಬುಡ್ತೀನಿ. ಸುಮ್ಕಿರು."

ಹನ್ನೊಂದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಏದುಸಿರು ಬಿಡುತ್ತಲೇ, ಅಡುಗೆಮನೆಯ ಚಾಕು ತಂದು ಕೆರೆಯಲು ಕೂತ ನನ್ನನ್ನು, ಅದನ್ನು ಹಿಡಿಯುವ ರೀತಿ ಸರಿಯಿಲ್ಲ ಎಂದು ಬೈದರು. ಸ್ಟಿಕ್ಕರ್ ತುಂಡು ತುಂಡಾಗಿ ಬಂತು. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಅಂಟು ಪೂರ್ತಿ ಹೋಗಲಿಲ್ಲ. ಈಗಲೂ ಅಲ್ಲಿ ಧೂಳು ಕೂರುತ್ತದೆ.

ಆಮೇಲೆ ಪ್ರತಿ ಬೆಳಿಗ್ಗೆ ಹೀಗೇ. ಅತ್ತೆ ನಡೆದು ಬಂದು ಕೂರುತ್ತಾರೆ. ನಾನು ಬಗ್ಗಿ ಎಳೆಯುವ ಗೆರೆ ಸೊಟ್ಟಗಿದೆ ಎಂದು ಅಳಿಸಿ ಮತ್ತೆ ಹಾಕಿಸುತ್ತಾರೆ. ಮಹಡಿಯಾಕೆ ಇಳಿದು ಬಂದು ಅದಕ್ಕೆ ಕೈಮುಗಿದು ಬಸ್ಸಿಗೆ ಹೊರಡುತ್ತಾರೆ. ನನ್ನ ನಿದ್ದೆಯಲ್ಲಿ ಅರ್ಧ ಗಂಟೆ ಕಡಿಮೆಯಾಯಿತು. ಅತ್ತೆ ವಾಪಸು ಮಂಚಕ್ಕೆ ನಡೆಯುವಾಗ ನನ್ನ ಕೈ ಅವರ ಬೆನ್ನಿನಿಂದ ಒಂದು ಗೇಣು ದೂರದಲ್ಲಿರುತ್ತದೆ, ಮುಟ್ಟದೆ. ಎತ್ತಿ ಕೂರಿಸುವುದಕ್ಕಿಂತ ಅದೇ ಹೆಚ್ಚು ದಣಿವು.