ಎತ್ತು ಕೊಳ್ಳುವವರ ಪಾಠ

ಹೋದ ತಿಂಗಳು ಗುಬ್ಬಿ ಸಂತೆಯ ಪಕ್ಕ ಬಸ್ಸಿಗೆ ಕಾಯುತ್ತಿದ್ದಾಗ ನೆನೆದ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಒಬ್ಬ ಹೋರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದ. ನನಗೆ ಹೈಸ್ಕೂಲಿನ ಸಮಾಜದ ಮಿಸ್ಸು ನೆನಪಾದರು...

ತೊಂಬತ್ತರ ದಶಕದ ಮಾತು. ಅವರು ತುಮಕೂರಿನ ಶೆಟ್ಟಿಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಚೇಳೂರಿನ ನಮ್ಮ ಶಾಲೆಗೆ ಬರುತ್ತಿದ್ದರು. ಅಮೆರಿಕಕ್ಕೆ ಗುಲಾಮರನ್ನಾಗಿ ಹಿಡಿದೊಯ್ದ ಆಫ್ರಿಕಾದ ಕಪ್ಪು ಜನರ ಬಗ್ಗೆ ನಮ್ಮ ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ಸಾಲು. ಆ ನಾಲ್ಕು ಸಾಲನ್ನು ಮಿಸ್ಸು ಮೂರು ವರ್ಷ ಪಾಠ ಮಾಡಿದರು! ಎಂಟನೇ ತರಗತಿಯಲ್ಲಿ ಸಿಪ್ಪೆ ಸಮೇತ ಹತ್ತಿಕಾಯಿ ತಂದು ನಮ್ಮ ಕೈಯಲ್ಲೇ ಬಿಡಿಸಿದರು. ಬೆರಳಿಗೆ ಚುಚ್ಚಿದ ಮೇಲೆ, ಆ ಗುಲಾಮರು ಹತ್ತಿ ಬಿಡಿಸುತ್ತಿದ್ದ ಹೊಲಗಳ ಕಥೆ ಹೇಳಿದರು. ಹತ್ತನೇ ತರಗತಿಯಲ್ಲಿ, ಅದೇ ಜನ ತಲೆಯೆತ್ತಿ ನಡೆದು ಓಟಿನ ಹಕ್ಕು ಪಡೆದ ಕಥೆ. ನಡುವಿನ ಒಂಬತ್ತನೇ ತರಗತಿಯ ಪಾಠ ಮಾತ್ರ ನನ್ನ ಮೇಲೇ ನಡೆಯಿತು.

ನನ್ನ ಬೆಂಚಿನ ಗೆಳತಿಯದು ಕಪ್ಪು ಮೈಬಣ್ಣ. ನನ್ನ ಬಾಯಿ ಬೊಂಬಾಯಿ. ಅವಳಿಗೆ 'ಆಫ್ರಿಕಾ' ಎಂದು ಹೆಸರಿಟ್ಟವಳು ನಾನೇ. ಇಡೀ ಶಾಲೆ ಹಾಗೇ ಕರೆಯಿತು. ಅವಳು ಬರುವುದನ್ನೇ ಬಿಟ್ಟು ಮನೆಯಲ್ಲಿ ಊದುಬತ್ತಿ ಹೊಸೆಯಲು ಕೂತಳು. ಅವಳ ಓದು ಅಲ್ಲಿಗೇ ಮುಗಿಯುತ್ತದೆ ಎಂದು ಗೊತ್ತಿದ್ದೂ ನಾನು ತೆಪ್ಪಗಿದ್ದೆ.

ಒಂದು ದಿನ ಮಿಸ್ಸು ನನ್ನನ್ನು ಎಬ್ಬಿಸಿ, ಎತ್ತು ಕೊಳ್ಳುವಾಗ ಏನೇನು ನೋಡುತ್ತಾರೆ ಎಂದು ಕೇಳಿದರು. ಅಪ್ಪ ದನದ ದಲ್ಲಾಳಿ. ಸಂತೆಯಲ್ಲೇ ಬೆಳೆದವಳಿಗೆ ಕೇಳಬೇಕೆ? ಹಲ್ಲು ಎಷ್ಟು, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೇ, ಗೊರಸು, ನಡಿಗೆ, ಮೈಮೇಲಿನ ಗಾಯದ ಗುರುತು... ಬೀಗುತ್ತ ಹೇಳುತ್ತಲೇ ಹೋದೆ. ಅವರು ಒಂದೊಂದನ್ನೂ ಬೋರ್ಡಿನ ಮೇಲೆ ಬರೆದರು. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಮೆಲ್ಲಗೆ ಹೇಳಿದರು:

"ಮನುಷ್ಯರನ್ನ ಕೊಳ್ಳೋವಾಗ್ಲೂ ಇದನ್ನೇ ನೋಡ್ತಿದ್ರು ಕಣಮ್ಮ. ತುಟಿ ಎತ್ತಿ ಹಲ್ಲು ನೋಡೋರು. ನಿಮ್ಮಷ್ಟು ವಯಸ್ಸಿನ ಹುಡುಗೀರ್ದೂ."

ಎಲ್ಲೋ ಇದ್ದ ಒಂದು ಖಂಡವನ್ನೇ ತಂದು ನನ್ನೆದುರು ನಿಲ್ಲಿಸಿದ ಆ ಸಣ್ಣ ಆಳಿನ ಹೆಂಗಸನ್ನು ಬೆರಗಿನಿಂದ ನೋಡುತ್ತ ನಿಂತೆ. ಸಂಜೆ ಗೆಳತಿಯ ಮನೆಗೆ ಹೋಗಿ ಅತ್ತೆ. ಅವಳು ಊದುಬತ್ತಿ ಹೊಸೆಯುತ್ತಲೇ ಇದ್ದಳು. ಸೋಮವಾರ ಶಾಲೆಗೆ ಬಂದಳು. ನನ್ನ ಪಕ್ಕ ಕೂರಲು ಇನ್ನೂ ಒಂದು ತಿಂಗಳು ಬೇಕಾಯಿತು.

ಆ ಹೆಸರಿಟ್ಟ ತಪ್ಪು ನನ್ನದೇ ಎಂದು ಮಿಸ್ಸಿಗೆ ಹೇಳುವ ಧೈರ್ಯ ಮಾತ್ರ ಕೊನೆಗೂ ಬರಲಿಲ್ಲ. ನನ್ನ ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಅವರಿಗೆ ಕುಣಿಗಲ್ಲಿಗೆ ವರ್ಗವಾಯಿತು. ಆಮೇಲೆ ಮದುವೆ, ಮಕ್ಕಳು, ನೂರೆಂಟು ನೆಪ...

ಸಂತೆಯಲ್ಲಿ ಆ ಹೋರಿಯನ್ನು ಕಂಡ ಮರುದಿನವೇ ವಿಚಾರಿಸಿಕೊಂಡು ಶೆಟ್ಟಿಹಳ್ಳಿಯ ಮಿಸ್ಸಿನ ಮನೆಗೆ ಹೋದೆ. ಬಾಗಿಲು ತೆಗೆದವರು ಮಿಸ್ಸಿನ ಯಜಮಾನರು. ಮಿಸ್ಸು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿಕೊಂಡೆ. ಹೇಳಲು ಬಂದಿದ್ದನ್ನೂ ಅವರ ಮುಂದೆಯೇ ಹೇಳಿದೆ.

"ಹೆಸ್ರಿಟ್ಟೋಳು ನೀನೇ ಅಂತ ಅವ್ಳಿಗೆ ಗೊತ್ತಿತ್ತಮ್ಮ," ಎಂದರು. "ಅದಕ್ಕೇ ನಿನ್ನೇ ಎಬ್ಬಿಸಿದ್ದು. ನೋಡ್ತಿರಿ, ಒಂದಿನ ಬಂದೇ ಬರ್ತಾಳೆ ಅಂತಿದ್ಲು."

ಅವರು ಕೊಟ್ಟ ಟೀ ನನ್ನ ಕೈಯಲ್ಲೇ ಆರಿತು. ಬಂದಿದ್ದೆ, ಎರಡು ವರ್ಷ ತಡವಾಗಿ.